ಮಹಿಳಾ ಕ್ರೀಡೆ: ಗೆರೆ ಎಲ್ಲಿ ಎಳೆಯಬೇಕು?

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಭಾರ ಎತ್ತುವ ಸ್ಪರ್ಧೆ ನಿಮಗೆ ನೆನಪಿರಬಹುದು. ನ್ಯೂಜಿಲೆಂಡಿನ 43 ವರ್ಷದ ಲಾರೆಲ್ ಹಬ್ಬಾರ್ಡ್ ಸ್ನ್ಯಾಚ್‌ನ ಮೂರು ಯತ್ನಗಳಲ್ಲೂ ವಿಫಲರಾದರು. ಆದರೂ ಜಗತ್ತಿನ ಕಣ್ಣು ಅವರ ಮೇಲಿತ್ತು. ಅವರು ಟ್ರಾನ್ಸ್‌ಜೆಂಡರ್ ಮಹಿಳೆ. ಅಂದರೆ, ಹುಟ್ಟಿನಲ್ಲಿ ಗಂಡೆಂದು ದಾಖಲಾಗಿ, ಮುಂದೆ ಹೆಣ್ಣಾಗಿ ಬಾಳುತ್ತಿರುವವರು.

ಇದು ನ್ಯಾಯವೇ ಎಂದು ಕೇಳುವ ಮೊದಲು, ಮಹಿಳೆಯರಿಗೆ ಪ್ರತ್ಯೇಕ ವಿಭಾಗವೇಕೆ ಎಂಬುದನ್ನು ತಿಳಿಯೋಣ. ಹರೆಯದಲ್ಲಿ ಹುಡುಗರ ದೇಹದಲ್ಲಿ ಟೆಸ್ಟೊಸ್ಟಿರಾನ್ ಹಾರ್ಮೋನು ಹಲವು ಪಟ್ಟು ಹೆಚ್ಚಿ ಎತ್ತರ, ಮೂಳೆ, ಸ್ನಾಯುಗಳನ್ನು ಬೆಳೆಸುತ್ತದೆ. ಉನ್ನತ ಮಟ್ಟದ ಓಟದಲ್ಲಿ ಪುರುಷರು ಸುಮಾರು ಶೇ. 10ರಿಂದ 12ರಷ್ಟು ಮುಂದಿರುತ್ತಾರೆ. ಒಂದೇ ವಿಭಾಗವಿದ್ದರೆ ಅಂತಿಮ ಸುತ್ತಿನಲ್ಲಿ ಮಹಿಳೆಯರು ಕಾಣುತ್ತಲೇ ಇರಲಿಲ್ಲ.

ಔಷಧದಿಂದ ಈ ಹಾರ್ಮೋನನ್ನು ತಗ್ಗಿಸಿದರೆ? ರಕ್ತದ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಮಹಿಳೆಯರ ಮಟ್ಟಕ್ಕೆ ಇಳಿಯುತ್ತದೆ. ಸ್ನಾಯುಬಲ ನಿಧಾನವಾಗಿ ಕುಗ್ಗುತ್ತದೆ. ಎತ್ತರ ಹಾಗೆಯೇ ಉಳಿಯುತ್ತದೆ. ಕ್ರೀಡಾಪಟುಗಳ ಮೇಲೆಯೇ ನಡೆದ ಅಧ್ಯಯನಗಳು ಮಾತ್ರ ವಿರಳ.

ಹೀಗಾಗಿ ನಿಯಮಗಳೂ ಬದಲಾಗುತ್ತ ಬಂದಿವೆ. ಹಾರ್ಮೋನು ಹನ್ನೆರಡು ತಿಂಗಳು ಮಿತಿಯೊಳಗಿದ್ದರೆ ಸಾಕೆಂದು 2015ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೇಳಿತು. ಗಂಡು ಹರೆಯ ದಾಟಿದ ಟ್ರಾನ್ಸ್‌ಜೆಂಡರ್ ಮಹಿಳೆಯರನ್ನು 2023ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳೆಯರ ಅಂತಾರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಟ್ಟಿತು.

ಪದಕದ ಕಣದಲ್ಲಿ ಕೂದಲೆಳೆಯ ಅಂತರವೂ ಓಟಗಾರ್ತಿಯೊಬ್ಬಳ ವರ್ಷಗಳ ದುಡಿಮೆಯನ್ನು ನಿರ್ಧರಿಸುತ್ತದೆ. ಅಲ್ಲಿ ಗೆರೆ ಬಿಗಿಯಾಗಿರಬೇಕೆಂಬ ವಾದಕ್ಕೆ ಕಾರಣವಿದೆ. ಆದರೆ ಶಾಲೆಯ ಮೈದಾನದಲ್ಲಿ, ಸಂಜೆಯ ಆಟದಲ್ಲಿ ಅದೇ ಗೆರೆ ಬೇಕೇ? ಯೋಚಿಸಿ. ಗೆರೆ ಎಲ್ಲೇ ಇರಲಿ, ಅದರಾಚೆ ನಿಂತವರ ಮಾನಕ್ಕೆ ಕುಂದು ಬರಬಾರದು.