ಹಸೆಗೋಡೆಯ ಚಿತ್ತಾರ ಮತ್ತು ನಮ್ಮೂರ ಪ್ರದರ್ಶನ



ಜಾತ್ರೆ, ಕೃಷಿ ಮೇಳ, ಶಾಲಾ ವಾರ್ಷಿಕೋತ್ಸವ, ಸಹಕಾರ ಸಪ್ತಾಹ, ಹೀಗೆ ನಮ್ಮ ಮಲೆನಾಡಿನ ಚಿಕ್ಕ ಪೇಟೆಗಳಲ್ಲಿ ಜನ ಸೇರುವ ಸಂದರ್ಭಗಳಲ್ಲಿ ಈಗ ಒಂದು ಮೂಲೆಯಲ್ಲಿ ಹಸೆ ಚಿತ್ತಾರವನ್ನೂ ತೂಗುಹಾಕುವ ವಾಡಿಕೆ ಬೆಳೆದಿದೆ. ನಮ್ಮ ಸಂಘದ ಗೋದಾಮಿನಲ್ಲೂ ಇಂಥದೊಂದು ಪ್ರದರ್ಶನ ಏಕಾಗಬಾರದೆಂದು ಕೆಲವು ಸದಸ್ಯರು ಕೇಳಿದ್ದಾರೆ. ಆಗಬಹುದು. ಆದರೆ ಪ್ರದರ್ಶನದಿಂದ ಕಲೆ ಉಳಿಯುವುದೂ ಉಂಟು, ಕಲೆಯ ಚಿತ್ರ ಮಾತ್ರ ಉಳಿದು ಕಲೆ ಹೋಗುವುದೂ ಉಂಟು. ಎರಡಕ್ಕೂ ಇರುವ ವ್ಯತ್ಯಾಸ ನಡೆಸುವವರ ಕೈಯಲ್ಲಿದೆ. ಆದ್ದರಿಂದ ಈ ಚಿತ್ತಾರವೆಂದರೇನು, ಅದನ್ನು ಊರಿನ ಮುಂದಿಡುವ ಸರಿಯಾದ ಬಗೆ ಯಾವುದು ಎಂಬುದನ್ನು, ಮುಖ್ಯವಾಗಿ ಘಟ್ಟದ ಕಾಫಿ ಸೀಮೆಯ ಸದಸ್ಯರ ತಿಳಿವಳಿಕೆಗಾಗಿ, ಇಲ್ಲಿ ವಿವರಿಸುತ್ತೇವೆ.

ಹಸೆ ಎಂದರೇನು?

ಮದುವೆಯಲ್ಲಿ ವಧೂವರರು ಕೂರುವ ಸ್ಥಾನಕ್ಕೆ ಹಸೆ ಎಂದು ಹೆಸರು. ಅದರ ಹಿಂದಿನ ಗೋಡೆಯೇ ಹಸೆಗೋಡೆ. ಸಾಗರ, ಸೊರಬ, ಹೊಸನಗರದ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಮುಂಚೆ ಈ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಮನೆಯ ಹೆಂಗಸರು ಚಿತ್ತಾರ ಬರೆಯುತ್ತಾರೆ. 'ಬರೆಯುವುದು' ಎಂಬುದೇ ಅವರ ಮಾತು. ಬರೆಯುವವಳು ಚಿತ್ತಾರಗಿತ್ತಿ.

ದೂರದಿಂದ ನೋಡಿದವರಿಗೆ ಇದು ಬರೀ ಗೆರೆಗಳ ಚೌಕದಂತೆ ಕಾಣುತ್ತದೆ. ಹತ್ತಿರ ಹೋದರೆ ಗೆರೆಯ ಪಕ್ಕಕ್ಕೆ ಗೆರೆ, ಗೆರೆಯನ್ನು ಕತ್ತರಿಸುವ ಗೆರೆ, ನಡುವೆ ಮೂಲೆ ಮೂಲೆ ಕೂಡಿಸಿದ ಆಕೃತಿಗಳು. ನಡುವಿನ ಮನೆಯಲ್ಲಿ ಮದುಮಕ್ಕಳು, ಬಾಸಿಂಗ. ಕೆಲವು ಕಡೆ ತೇರು. ಮನುಷ್ಯರಿಗೂ ಇಲ್ಲಿ ಕಣ್ಣು ಮೂಗಿಲ್ಲ. ತ್ರಿಕೋನದ ಮೈ, ಕಡ್ಡಿಯಂಥ ಕೈಕಾಲು. ಅಳತೆ ಕೋಲಿಲ್ಲದೆ, ಮೊದಲು ಗುರುತು ಮಾಡಿಕೊಳ್ಳದೆ ಒಂದೇ ದಪ್ಪದ ಗೆರೆಯನ್ನು ಎಳೆಯುವ ಕೈ ಒಂದು ದಿನದಲ್ಲಿ ಬರುವುದಲ್ಲ. ತಾಯಿಯ ಪಕ್ಕ, ಅತ್ತೆಯ ಪಕ್ಕ ಕೂತು ಕಲಿತದ್ದು ಅದು.

ಬಣ್ಣ ಎಲ್ಲಿಂದ?

ಬಣ್ಣವೆಲ್ಲ ಮನೆಯ ಸುತ್ತಲಿನದೇ. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿಹಿಟ್ಟು. ಕಪ್ಪಿಗೆ ಕರಿಕಾಗುವವರೆಗೆ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚವೆಂದರೆ ಪುಂಡಿ ನಾರಿನದು. ಅಂಗಡಿಯಿಂದ ತರಬೇಕಾದದ್ದು ಏನೂ ಇಲ್ಲದಿದ್ದರೂ ಸುಮ್ಮನೆ ಸಿಗುವುದೂ ಏನೂ ಇಲ್ಲ. ನಾರು ಹದ ಮಾಡಬೇಕು, ಹಿಟ್ಟು ಅರೆಯಬೇಕು, ಗೋಡೆ ಸರಿಯಾಗಿ ಒಣಗಬೇಕು. ಬೋರ್ಡೋ ದ್ರಾವಣಕ್ಕೆ ಸುಣ್ಣವನ್ನೂ ಮೈಲುತುತ್ತವನ್ನೂ ಹದವರಿತು ಕೂಡಿಸುವ ನಮಗೆ, ಬಣ್ಣದ ಹದವೆಂದರೆ ಏನೆಂದು ಹೆಚ್ಚು ಹೇಳಬೇಕಾಗಿಲ್ಲ.

ಭೂಮಿ ಹುಣ್ಣಿಮೆಯ ಬುಟ್ಟಿ

ಮದುವೆಯ ಗೋಡೆಯ ಹಾಗೆಯೇ ಮುಖ್ಯವಾದದ್ದು ಭೂಮಿ ಹುಣ್ಣಿಮೆಯ ಬುಟ್ಟಿ. ಆಶ್ವಯುಜ ಮಾಸದ ಈ ಹುಣ್ಣಿಮೆಯನ್ನು ಸೀಗೆ ಹುಣ್ಣಿಮೆ ಎಂದೂ ಕರೆಯುತ್ತಾರೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬುವ ಹೊತ್ತು. ಭೂಮಿ ಬಸುರಿ, ಆಕೆಗೆ ಬಯಕೆಯ ಊಟ ಇಕ್ಕಬೇಕು ಎಂಬುದು ಹಬ್ಬದ ಭಾವನೆ.

ದಸರೆ ಕಳೆಯುತ್ತಿದ್ದಂತೆ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಒಂದು ದೊಡ್ಡದು, ಒಂದು ಚಿಕ್ಕದು. ಇದರ ಮೇಲೆ ಬರುವುದೆಲ್ಲ ಹೊಲ ತೋಟದ ಬದುಕು: ಭತ್ತದ ಸಸಿ, ಅಡಿಕೆ ಮರ, ಬುಟ್ಟಿ ಹೊತ್ತ ಜನ. ಹಿಂದಿನ ರಾತ್ರಿ ಬಗೆಬಗೆಯ ಸೊಪ್ಪು ತರಕಾರಿ ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ನಸುಕಿನಲ್ಲಿ ಅದನ್ನು ಗದ್ದೆ ತೋಟಗಳಿಗೆ ಬೀರುತ್ತಾರೆ. ಬೆಳಗಾದ ಮೇಲೆ ಮನೆಮಂದಿ ಗದ್ದೆಗೆ ಹೋಗಿ, ಸಸಿಗೆ ಒಡವೆ ತೊಡಿಸಿ ಪೂಜೆ ಮಾಡಿ, ಭೂಮಿಗೆ ಎಡೆ ಇಟ್ಟು ಅಲ್ಲಿಯೇ ಊಟ ಮಾಡುತ್ತಾರೆ. ಕಾಗೆಗೂ ಇಲಿಗೂ ಎಡೆ ಉಂಟು. ಇಲಿಯಿಂದ ಬೆಳೆಗಾಗುವ ನಷ್ಟ ಗೊತ್ತಿದ್ದೂ ಅದಕ್ಕೊಂದು ಪಾಲು ಇಡುವ ಹಬ್ಬವಿದು.

ಹೀಗಿರುವಲ್ಲಿ ಚಿತ್ತಾರವೆಂಬುದು ಗೋಡೆಯ ಅಲಂಕಾರ ಮಾತ್ರವಲ್ಲವೆಂದಾಯಿತು. ಮದುವೆ ಇದ್ದರೆ ಗೋಡೆ, ಗದ್ದೆ ಇದ್ದರೆ ಬುಟ್ಟಿ.

ಈ ಕಲೆ ಯಾರದು?

ಇದನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಅನೇಕ ಪ್ರದರ್ಶನಗಳಲ್ಲಿ 'ಮಲೆನಾಡಿನ ಜಾನಪದ ಕಲೆ' ಎಂದು ಒಂದು ಚೀಟಿ ಅಂಟಿಸಿ ಬಿಟ್ಟಿರುತ್ತಾರೆ. ಬರೆದವರ ಹೆಸರಿಲ್ಲ, ಊರಿಲ್ಲ, ಜನವೂ ಇಲ್ಲ. ಇದು ಮುಖ್ಯವಾಗಿ ದೀವರ ಹೆಂಗಸರ ಕಲೆ. ಈ ಜನರಲ್ಲಿ ಬಹಳ ಮಂದಿ ಹಿಂದೆ ಬೇರೆಯವರ ಭೂಮಿಯನ್ನು ಗೇಣಿಗೆ ಉಳುತ್ತಿದ್ದವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ತಿಳಿದ ಸಂಗತಿ. ಉಳುವವನಿಗೆ ಹಕ್ಕು ಕೊಟ್ಟ ಭೂಸುಧಾರಣೆ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರಲ್ಲಿ. ಭೂಮಿ ಇನ್ನೊಬ್ಬರ ಹೆಸರಿನಲ್ಲಿದ್ದ ಕಾಲದಲ್ಲೂ ಅದಕ್ಕೆ ಬಯಕೆಯ ಊಟ ಇಕ್ಕಿದವರು ಇವರು.

ನಮ್ಮ ಸಂಘದಲ್ಲಿ ಒಡೆಯರಾಗಿದ್ದವರ ಮಕ್ಕಳೂ ಇದ್ದಾರೆ, ಗೇಣಿದಾರರಾಗಿದ್ದವರ ಮಕ್ಕಳೂ ಇದ್ದಾರೆ. ಅರ್ಧ ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ಇಲ್ಲಿ ಒಂದೇ ಮತ. ಸಹಕಾರ ತತ್ವದ ಈ ಸಮಾನತೆ ಪ್ರದರ್ಶನದ ಗೋಡೆಯ ಮೇಲೂ ಕಾಣಬೇಕು.

ಗೋಡೆ ಹೋದ ಮೇಲೆ

ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದಿದೆ. ಮದುವೆಗಳು ಕಲ್ಯಾಣ ಮಂಟಪಕ್ಕೆ ಹೋಗಿವೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಅಡಿಕೆಯ ಧಾರಣೆ ಕಂಡು ಗದ್ದೆಗೆ ಮಣ್ಣು ಏರಿಸಿದವರಲ್ಲಿ ನಾವೂ ಇದ್ದೇವೆ. ಇದನ್ನು ತಪ್ಪೆಂದು ಹೇಳುವುದು ನಮ್ಮ ಉದ್ದೇಶವಲ್ಲ, ಸಂಸಾರ ನಡೆಯಬೇಕು. ಆದರೆ ಬರೆಯುವ ಗೋಡೆ, ಬರೆಯುವ ಸಂದರ್ಭ ಎರಡೂ ಕಡಿಮೆಯಾದಾಗ ಬರೆಯುವ ಕೈಯೂ ಕಡಿಮೆಯಾಗುತ್ತದೆ. ಹಿರಿಯ ಚಿತ್ತಾರಗಿತ್ತಿಯರ ಬಳಿ ಕೂತು ಕಲಿಯಬೇಕಾದ ಹುಡುಗಿಯರು ಓದಿಗೂ ಕೆಲಸಕ್ಕೂ ಪೇಟೆ ಸೇರಿದ್ದಾರೆ.

ಈ ಸಂಕಷ್ಟ ನಮ್ಮಲ್ಲಿ ಮಾತ್ರ ಬಂದದ್ದಲ್ಲ. ಬಿಹಾರದ ಮಧುಬನಿಯಲ್ಲೂ ಹೆಂಗಸರು ಮದುವೆಮನೆಯ ಗೋಡೆಗೆ ಚಿತ್ರ ಬರೆಯುತ್ತಿದ್ದರು. 1966-67ರ ಬರಗಾಲದಲ್ಲಿ, ಆ ಹೆಂಗಸರಿಗೆ ಸಂಪಾದನೆಯಾಗಲೆಂದು ಅಖಿಲ ಭಾರತ ಕರಕುಶಲ ಮಂಡಳಿಯವರು ಕಾಗದ ಕೊಟ್ಟು ಬರೆಸಿದರು. ಚಿತ್ರಗಳು ದಿಲ್ಲಿ ತಲುಪಿದವು, ಹೊರದೇಶಕ್ಕೂ ಹೋದವು. ಬರೆದವರಲ್ಲಿ ಒಬ್ಬರಾದ ಜಗದಂಬಾ ದೇವಿಯವರಿಗೆ 1975ರಲ್ಲಿ ಪದ್ಮಶ್ರೀ ಬಂತು. ಮಹಾರಾಷ್ಟ್ರದ ವಾರ್ಲಿ ಚಿತ್ರವೂ ಹಾಗೆಯೇ: ಮದುವೆಗೆ ಹೆಂಗಸರು ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆಯುತ್ತಿದ್ದುದು ಕಾಗದಕ್ಕೆ ಬಂದ ಮೇಲೆ ಹೆಚ್ಚು ಹೆಸರಾದವರು ಜಿವ್ಯಾ ಸೋಮ ಮಾಶೆ ಎಂಬ ಗಂಡಸರು. ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು.

ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಗೋಡೆಯಿಂದ ಕಾಗದಕ್ಕೆ ಬಂದ ಮಾತ್ರಕ್ಕೆ ಕಲೆ ಕೆಡುವುದಿಲ್ಲ. ಅನ್ನಕ್ಕೆ ದಾರಿಯಾದರೆ ಉಳಿಯುತ್ತದೆ. ಆದರೆ ಹಣವೂ ಹೆಸರೂ ಬರುವಾಗ ಅದು ಯಾರ ಕೈಗೆ ಬರುತ್ತದೆಂಬುದನ್ನು ಮೊದಲಿನಿಂದಲೇ ನೋಡಿಕೊಳ್ಳಬೇಕು.

ಪ್ರದರ್ಶನ ನಡೆಸುವ ಬಗೆ

ಮೊದಲನೆಯದಾಗಿ, ಕಾಲ. ನಮ್ಮ ಮಹಾಸಭೆ ಮಳೆಗಾಲದಲ್ಲಿ ಬರುತ್ತದೆ. ಆ ಗಡಿಬಿಡಿಯಲ್ಲಿ, ಆ ಥಂಡಿಯಲ್ಲಿ ಪ್ರದರ್ಶನ ಬೇಡ. ಭೂಮಿ ಹುಣ್ಣಿಮೆ ಕಳೆದ ವಾರ ಸೂಕ್ತ. ಕೊನೆ ಕೊಯ್ಲಾಗಲಿ ಕಾಫಿ ಹಣ್ಣಿನ ಕೊಯ್ಲಾಗಲಿ ಆಗಿನ್ನೂ ಬಿರುಸಾಗಿರುವುದಿಲ್ಲ. ಗೋದಾಮಿನಲ್ಲಿ ಜಾಗವಿರುತ್ತದೆ. ಮುಖ್ಯವಾಗಿ, ಬುಟ್ಟಿ ಗದ್ದೆಗೆ ಹೋಗಿ ತನ್ನ ಕೆಲಸ ಮುಗಿಸಿ ಬಂದಿರುತ್ತದೆ. ಪೂಜೆಗೆ ಮುಂಚೆಯೇ ಬುಟ್ಟಿ ಕೊಡಿರೆಂದು ಯಾರ ಮನೆಯಲ್ಲೂ ಕೇಳಬಾರದು.

ಎರಡನೆಯದಾಗಿ, ಕೂಲಿ. ಕೊನೆಗೌಡನಿಗೆ ಕೌಶಲಕ್ಕೆ ತಕ್ಕ ಕೂಲಿ ಕೊಡುವ ನಾವು ಚಿತ್ತಾರಗಿತ್ತಿಗೆ ಶಾಲು ಹೊದೆಸಿ ಕೈಮುಗಿದು ಕಳಿಸುತ್ತೇವೆ. ಇದು ಸರಿಯಲ್ಲ. ಬಣ್ಣ ಸಿದ್ಧಪಡಿಸುವ ದಿನವನ್ನೂ ಸೇರಿಸಿ ದಿನಗಳ ಲೆಕ್ಕ ಹಿಡಿದು, ಕುಶಲ ಕೆಲಸದ ಕೂಲಿಯ ದರದಲ್ಲಿ ಹಣ ಕೊಡಬೇಕು. ಮಾರಾಟವಾದರೆ ಅದರ ಹಣ ಬರೆದವರ ಉಳಿತಾಯ ಖಾತೆಗೇ ಹೋಗಬೇಕು. ಶಾಲು ಅದರ ಮೇಲೆ ಇರಲಿ.

ಮೂರನೆಯದಾಗಿ, ಹೆಸರು. ಪ್ರತಿಯೊಂದರ ಕೆಳಗೂ ಬರೆದವರ ಹೆಸರು, ಊರು, ಯಾರಿಂದ ಕಲಿತರೆಂಬುದು, ಗೆರೆಯ ಆಕೃತಿಗೆ ಅವರ ಮನೆಯ ಮಾತಿನಲ್ಲಿರುವ ಹೆಸರು, ಇಷ್ಟನ್ನು ಅವರ ಒಪ್ಪಿಗೆ ಪಡೆದು ಬರೆಯಬೇಕು. ಒಂದೊಂದು ಊರಿನಲ್ಲಿ ಹೆಸರು ಬೇರೆಯಾದರೆ ಎರಡನ್ನೂ ಬರೆಯಬೇಕು.

ನಾಲ್ಕನೆಯದಾಗಿ, ಜೋಪಾನ. ಅಕ್ಕಿಹಿಟ್ಟಿಗೆ ತೇವವೂ ಹುಳವೂ ಶತ್ರುಗಳು. ಒಣಗಿಸಿದ ಅಡಿಕೆಗೆ ತೋರಿಸುವ ಎಚ್ಚರವನ್ನೇ ಇಲ್ಲೂ ತೋರಿಸಬೇಕು. ನೆಲಕ್ಕೆ ತಾಗಿಸಬಾರದು, ಗೋಡೆಗೆ ಒರಗಿಸಬಾರದು, ಒಂದರ ಮೇಲೊಂದು ಪೇರಿಸಬಾರದು. ಹೊಳಪು ಬರಲೆಂದು ವಾರ್ನಿಷ್ ಬಳಿಯುವುದು ಬೇಡ.

ಐದನೆಯದಾಗಿ, ಕಲಿಕೆ. ತೂಗುಹಾಕಿದ್ದನ್ನು ನೋಡಿ ಹೋದರೆ ಸಾಲದು. ಗೋದಾಮಿನ ಒಂದು ಗೋಡೆಗೆ ಕೆಮ್ಮಣ್ಣು ಬಳಿದು ಬಿಟ್ಟುಕೊಡೋಣ. ಹಿರಿಯರು ಅಲ್ಲಿ ಬರೆಯಲಿ, ಸದಸ್ಯರ ಮಕ್ಕಳು ಯಾವ ಜಾತಿಯವರೇ ಆಗಲಿ ಪಕ್ಕದಲ್ಲಿ ಕೂತು ಗೆರೆ ಎಳೆಯಲಿ.

ಒಂದೇ ವರ್ಷ ಸಾಲದು

ಇಂಥ ಕೆಲಸ ಒಂದು ವರ್ಷದ ಉತ್ಸಾಹದಿಂದ ನಿಲ್ಲುವುದಿಲ್ಲ. ಹೆಗ್ಗೋಡಿನ ಉದಾಹರಣೆ ನಮ್ಮ ಕಣ್ಣೆದುರಿಗಿದೆ. ಅಡಿಕೆ ಬೆಳೆಗಾರರ ಆ ಹಳ್ಳಿಯಲ್ಲಿ ನೀನಾಸಮ್ ಹುಟ್ಟಿದ್ದು 1949ರಲ್ಲಿ. ರಂಗಮಂದಿರವಾದದ್ದು 1972ರಲ್ಲಿ, ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರಿಗೆ ಹೋಗುವ ತಿರುಗಾಟ 1985ರಲ್ಲಿ. ಸ್ವತಃ ಅಡಿಕೆ ತೋಟದವರಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಅಡಿಕೆ ಸಸಿ ನೆಟ್ಟ ಮರುವರ್ಷವೇ ಕೊನೆ ಎಣಿಸುವವರು ನಮ್ಮಲ್ಲಿ ಯಾರೂ ಇಲ್ಲ. ಇಲ್ಲಿಯೂ ಅದೇ ತಾಳ್ಮೆ ಬೇಕು.

ಖರ್ಚು ದೊಡ್ಡದಲ್ಲ. ಗೋದಾಮು ನಮ್ಮದು, ಬೆಂಚು ಶಾಲೆಯದು, ಊಟ ಸದಸ್ಯರ ಮನೆಯದು ಎಂದಾದರೆ ಉಳಿಯುವುದು ಕೂಲಿ ಮಾತ್ರ. ಆಡಳಿತ ಮಂಡಳಿಯ ಮುಂದೆ ಈ ವಿಷಯವನ್ನು ಇಡುತ್ತೇವೆ. ಅದಕ್ಕೆ ಮುಂಚೆ ಸದಸ್ಯರಿಂದ ನಮಗೆ ಬೇಕಾದ ಸಹಾಯ ಒಂದೇ: ತಮ್ಮ ಊರಿನಲ್ಲಿ ಈಗಲೂ ಚಿತ್ತಾರ ಬರೆಯಬಲ್ಲ ಹಿರಿಯ ತಾಯಂದಿರು ಯಾರಿದ್ದಾರೆಂದು ವಿಚಾರಿಸಿ, ಅವರಿಗೆ ಒಪ್ಪಿಗೆಯಿದ್ದರೆ ಹೆಸರು ಮತ್ತು ಊರನ್ನು ಸಂಘದ ಕಚೇರಿಗೆ ತಿಳಿಸಬೇಕು. ಗೋಡೆಯನ್ನು ಮತ್ತೆ ಕಟ್ಟಬಹುದು, ಕೆಮ್ಮಣ್ಣನ್ನು ಮತ್ತೆ ತರಬಹುದು. ಆ ಕೈಗಳು ಇರುವಾಗಲೇ ಈ ಕೆಲಸ ಆಗಬೇಕು.