ಶೆಡ್ಡಿಗೂ ಬ್ಯಾಂಕಿಗೂ ನಡುವಿನ ಮನುಷ್ಯ

ಮಾರ್ಚ್ ತಿಂಗಳಲ್ಲಿ ತಿಕೋಟಾ ದಾಟಿ ಅಥಣಿ ರಸ್ತೆ ಹಿಡಿದರೆ ಒಣದ್ರಾಕ್ಷಿ ಶೆಡ್ಡುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮೇಲೆ ತಗಡು, ಕೆಳಗೆ ಒಂದರ ಮೇಲೊಂದು ಬಲೆಯ ಅಂತಸ್ತು. ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊನೆ ಅದ್ದಿ ತೆಗೆದು ಬಲೆಯ ಮೇಲೆ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗಿರುತ್ತದೆ.

ಅಂಥ ಒಂದು ಶೆಡ್ಡಿನ ಮೂಲೆಯ ಟ್ರಂಕಿನಿಂದ ಮಾಲೀಕರಾದ ಅಕ್ಕಾರು ಒಂದು ಪ್ಲಾಸ್ಟಿಕ್ ಫೈಲು ತೆಗೆದು ತೋರಿಸಿದರು. ನನಗೆ ದ್ರಾಕ್ಷಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಆ ಫೈಲು. ಹೊಲದ ಉತಾರ, ಪಾಸ್‌ಬುಕ್ಕಿನ ಜೆರಾಕ್ಸ್, ಗ್ರೇಡಿಂಗ್ ಮತ್ತು ಪ್ಯಾಕಿಂಗ್ ಯಂತ್ರಗಳ ಕೊಟೇಷನ್, ಉದ್ಯಮ್ ನೋಂದಣಿ ಪತ್ರ, ಎಲ್ಲಕ್ಕಿಂತ ಮೇಲೆ ಅಚ್ಚುಕಟ್ಟಾದ ಯೋಜನಾ ವರದಿ. ಇಷ್ಟು ವರ್ಷ ಮಾಲನ್ನು ಬಾಕ್ಸಿನಲ್ಲಿ ತುಂಬಿ ತಾಸಗಾಂವ್ ಪೇಟೆಗೆ ಕಳಿಸುತ್ತಿದ್ದವರು ಈಗ ತಮ್ಮದೇ ಹೆಸರಿನ ಪ್ಯಾಕೆಟ್ ಮಾಡಲು ಹೊರಟಿದ್ದಾರೆ.

“ನಾವೇನ್ ಸಾಲಾ ಬ್ಯಾಡಂದಿದ್ದೆವೇನ್ರೀ? ಯಾವ ಬಾಗಲಾ ಬಡೀಬೇಕು ಅನ್ನೂದ ಗೊತ್ತಿದ್ದಿಲ್ರಿ,” ಎಂದರು.

ಬಾಗಿಲುಗಳಿಗೆ ನಮ್ಮಲ್ಲಿ ಬರವಿಲ್ಲ. ವಿಜಯಪುರದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ, ಕೃಷಿ ಇಲಾಖೆ ಇದೆ, ಧಾರವಾಡದಲ್ಲಿ ಉದ್ಯಮಶೀಲತಾ ತರಬೇತಿಗೆಂದೇ ಸಿಡಾಕ್ ಇದೆ. ಆದರೆ ಈ ಫೈಲು ತಯಾರಾದದ್ದು ಒಬ್ಬ ಮನುಷ್ಯ ಶೆಡ್ಡಿಗೇ ಬಂದು ಕುಳಿತಿದ್ದರಿಂದ. 2020ರ ಜೂನ್‌ನಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ (ಪಿಎಂಎಫ್‌ಎಂಇ) ಇಂಥವರಿಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂದು ಹೆಸರು. ಯೋಜನೆಯಲ್ಲಿ ಘಟಕದ ವೆಚ್ಚಕ್ಕೆ ಮೂಲ ಸಹಾಯಧನ ಶೇ 35. ರಾಜ್ಯ ಸರ್ಕಾರ ಅದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿಗೆ ಮುಟ್ಟಿಸಿದೆ. ರಾಜ್ಯದಲ್ಲಿ ಉಸ್ತುವಾರಿ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್‌ನದು. ಸಂಪನ್ಮೂಲ ವ್ಯಕ್ತಿಗೆ ಅರ್ಜಿದಾರರು ದುಡ್ಡು ಕೊಡಬೇಕಿಲ್ಲ. ಮಂಜೂರಾದ ಪ್ರತಿ ಸಾಲಕ್ಕೆ ಯೋಜನೆಯಿಂದಲೇ 20 ಸಾವಿರ ಸಿಗುತ್ತದೆ. ಅರ್ಧ ಮಂಜೂರಾದಾಗ, ಉಳಿದರ್ಧ ನೋಂದಣಿ, ಪರವಾನಗಿ, ತರಬೇತಿ ಎಲ್ಲ ಮುಗಿದು ಘಟಕ ನಿಂತ ಮೇಲೆ. ಉದ್ಯಮಿಯನ್ನು ಸಾಲದ ಹೊಸ್ತಿಲಲ್ಲೇ ಬಿಟ್ಟು ಹೋಗಬಾರದೆಂಬ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಆದರೆ ಬ್ಯಾಂಕು ಒಲ್ಲೆ ಎಂದರೆ ಓಡಾಡಿದ್ದೆಲ್ಲ ಪುಕ್ಕಟೆ. ಹಾಗಾದರೆ ಉತಾರದಲ್ಲಿ ಹೆಸರಿಲ್ಲದ, ಒತ್ತೆ ಇಡಲು ಏನೂ ಇಲ್ಲದ ಹೆಣ್ಣುಮಗಳ ಮನೆಗೆ ಯಾರು ಹೋದಾರು? ಮೊದಲ ಓಡಾಟಕ್ಕೂ ಒಂದಿಷ್ಟು ಹಣ ಇಡಲೇಬೇಕು.

ಸಣ್ಣ ಉದ್ಯಮಿಗೆ ಬಂಡವಾಳ ಮುಟ್ಟಿಸುವ ಕೆಲಸ ವಿಜಯಪುರಕ್ಕೆ ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದಾದ ಏಳೇ ವರ್ಷಕ್ಕೆ, 1912ರಲ್ಲಿ, ಇಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿತು. ಹುಟ್ಟುಹಾಕಿದವರು ಫ.ಗು. ಹಳಕಟ್ಟಿ! ವಚನ ಪಿತಾಮಹರೆಂದು ನಾವು ಪಟಕ್ಕೆ ಹಾರ ಹಾಕುವ ಹಳಕಟ್ಟಿಯವರೇ. ತಾಡೋಲೆ ಹುಡುಕುತ್ತ ಮನೆಮನೆ ತಿರುಗಿದ ಈ ವಕೀಲರಿಗೆ ಊರಿನ ಸಣ್ಣ ವ್ಯಾಪಾರಿಯ ಕೈಗೆ ಬಂಡವಾಳ ಸಿಗಬೇಕೆಂಬುದೂ ಅಷ್ಟೇ ಮುಖ್ಯವಾಗಿತ್ತು. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಮುದ್ರಣಾಲಯಕ್ಕಾಗಿ ಮಾರಿದ್ದು ತಮ್ಮ ವಾಸದ ಮನೆಯನ್ನು. ಊರಿಗೆ ಬ್ಯಾಂಕು ಕಟ್ಟಿಕೊಟ್ಟವರು ಸ್ವಂತ ಉದ್ಯಮಕ್ಕೆ ಮನೆ ಮಾರಿದರೆಂಬುದು ನನ್ನನ್ನು ಬಿಡದೆ ಕಾಡುತ್ತದೆ. ಮೊಳೆ ಜೋಡಿಸಿ, ಕಾಗದ ತಂದು, ಚಂದಾ ವಸೂಲಿಗೆ ಅಲೆದ ಆ ಹಳಕಟ್ಟಿ ನಮ್ಮ ಭಾಷಣಗಳಲ್ಲಿ ಬರುವುದೇ ಇಲ್ಲ. ಜಿಲ್ಲೆಯಲ್ಲಿ ನಡೆಯುವ ಪ್ರತಿ ಉದ್ಯಮ ಶಿಬಿರದಲ್ಲೂ ಅವರ ಬದುಕಿನ ಈ ಭಾಗವನ್ನು ಹೇಳಬೇಕು.

ಹಳಕಟ್ಟಿಯವರ ಕಾಲದಿಂದ ಇಂದಿಗೆ ಬಂದರೆ, ತಿಕೋಟಾದ ಪಕ್ಕದ ಬಬಲೇಶ್ವರ ಸೀಮೆಯ ಕಥೆ ನೀರಿನದು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ಈ ಒಣನೆಲಕ್ಕೆ ಹತ್ತಿ ಬಂದಳು. ಬೆಳೆ ಕೈಗೆ ಬಂದ ಮೇಲೆ ಕಟ್ಟುವ, ಮಾರುವ ವಿದ್ಯೆಯೂ ಬೇಕಾಗುತ್ತದೆ. ಅದಕ್ಕೆ ನೆರವಾಗುವ ಪಿಎಂಎಫ್‌ಎಂಇಯಲ್ಲಿ ಜಿಲ್ಲೆಯ ಉತ್ಪನ್ನವೆಂದು ಗುರುತಿಸಿದ್ದು ನಿಂಬೆಯನ್ನು. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ದಕ್ಕಿತು, ಬಹಳ ಸಂತೋಷ. ಆದರೆ ಒಣದ್ರಾಕ್ಷಿಗೆ ಈ ಯೋಜನೆಯಲ್ಲಿ ಜಾಗವಿಲ್ಲವೆಂದು ತಿಳಿದು ಸುಮ್ಮನಿರುವವರು ಈ ಭಾಗದಲ್ಲಿ ಸಿಗುತ್ತಾರೆ. ಜಾಗವಿದೆ, ಬೇರೆ ಆಹಾರ ಪದಾರ್ಥಗಳ ಘಟಕಕ್ಕೂ ಸಹಾಯಧನ ಸಿಗುತ್ತದೆ. ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ. ಇಂಥ ಮಾತುಗಳು ತಿಕೋಟಾ, ಬಬಲೇಶ್ವರದ ಸಂತೆಯ ದಿನ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿ ಕುಳಿತವರ ಬಾಯಿಂದ ಜನಕ್ಕೆ ಕೇಳಬೇಕು.

ಅಕ್ಕಾರ ಅರ್ಜಿ ಈಗ ಬ್ಯಾಂಕಿನಲ್ಲಿದೆ. ಈ ವರ್ಷದ ಮಾಲು ಆಗಲೇ ಬಾಕ್ಸಿಗೆ ಬಿದ್ದು ತಾಸಗಾಂವ್ ಲಾರಿಗೆ ಕಾಯುತ್ತಿದೆ. ಮುಂದಿನ ಫೆಬ್ರುವರಿಯಲ್ಲಿ ಗೊನೆ ಕೊಯ್ಯುವ ಮುಂಚೆ ಸಾಲ ಕೈಸೇರಿದರೆ ಯಂತ್ರ ಕೂಡಿಸಲು ಶೆಡ್ಡಿನ ಪೂರ್ವದ ಗೋಡೆಗೆ ಹತ್ತಿ ಜಾಗ ಅಳೆದಿಟ್ಟಿದ್ದಾರೆ.