ಪಿಡುಗಿನ ಲೆಕ್ಕ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಮೊದಲಾದ ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ಗುಳೆ ಹೋಗುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ವೃದ್ಧರನ್ನು ಮನೆ ಕಾಯಲು ಬಿಟ್ಟು, ಉಳಿದವರು ಕೂಲಿಯನ್ನರಸಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ತೆರಳುತ್ತಾರೆ. 2020ರ ಮಾರ್ಚ್ 25ರಂದು ಕೊರೋನಾ ಸೋಂಕನ್ನು ತಡೆಯಲು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಅವರ ಕೂಲಿ ನಿಂತಿತು. ಮೇ ತಿಂಗಳಲ್ಲಿ ಪ್ರಯಾಣಕ್ಕೆ ಅನುಮತಿ ದೊರೆತೊಡನೆ ಅವರು ಊರ ದಾರಿ ಹಿಡಿದರು. ಆ ತಿಂಗಳ ನಡುವಿನವರೆಗೆ ಒಬ್ಬ ಸೋಂಕಿತನೂ ಪತ್ತೆಯಾಗಿರದ ಜಿಲ್ಲೆಯಲ್ಲಿ ಆಗ ಸೋಂಕು ಕಾಣಿಸಿಕೊಂಡಿತು. ಮೊದಮೊದಲು ಸೋಂಕು ದೃಢಪಟ್ಟವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದಿಂದ ಮರಳಿದವರು. ಹೀಗೆ ಬಂದವರನ್ನು ಪ್ರತ್ಯೇಕವಾಗಿರಿಸಬೇಕಾದುದು ಸರಿ. ಆದರೆ ಎಷ್ಟು ದಿನ?

ಇದಕ್ಕೆ ಉತ್ತರ ಹೇಳಲು ವೈದ್ಯಶಾಸ್ತ್ರದ ಜೊತೆಗೆ ಗಣಿತವೂ ಬೇಕು. ಒಬ್ಬ ರೋಗಿ ಇಬ್ಬರಿಗೆ ರೋಗವನ್ನು ಅಂಟಿಸುವನೆಂದೂ, ಇದಕ್ಕೆ ಐದು ದಿನ ಹಿಡಿಯುವುದೆಂದೂ ಭಾವಿಸೋಣ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತನೆಯ ಸುತ್ತಿಗೆ, ಎಂದರೆ ಐವತ್ತನೆಯ ದಿನಕ್ಕೆ, ಹೊಸ ರೋಗಿಗಳೇ 1024 ಮಂದಿ. ಇದಕ್ಕೆ ಬದಲಾಗಿ ಹತ್ತು ರೋಗಿಗಳಿಂದ ಎಂಟು ಮಂದಿಗೆ ಮಾತ್ರ ರೋಗ ತಗುಲುವಂತಾದರೆ? 1000 ರೋಗಿಗಳಿದ್ದಲ್ಲಿ ಮುಂದಿನ ಸುತ್ತಿಗೆ 800, ಅನಂತರ 640, ಬಳಿಕ 512. ಪಿಡುಗು ತಾನಾಗಿ ಕುಗ್ಗುತ್ತದೆ. ಮುಖಗವಸು, ಅಂತರ, ಪ್ರತ್ಯೇಕ ವಾಸ ಇವೆಲ್ಲವೂ ಆ ಸಂಖ್ಯೆಯನ್ನು ಒಂದಕ್ಕಿಂತ ಕೆಳಗಿಳಿಸುವ ಉಪಾಯಗಳೇ.

ಈ ಬಗೆಯ ಲೆಕ್ಕಕ್ಕೆ ವ್ಯವಸ್ಥಿತ ರೂಪವನ್ನಿತ್ತವರು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್. ಜನರನ್ನು ರೋಗ ತಗುಲಬಹುದಾದವರು, ರೋಗಿಗಳು, ರೋಗದಿಂದ ಹೊರಬಂದವರು ಎಂದು ಮೂರು ಗುಂಪುಗಳನ್ನಾಗಿ ಮಾಡಿ 1927ರಲ್ಲಿ ಅವರು ಸಮೀಕರಣಗಳನ್ನು ಪ್ರಕಟಿಸಿದರು. ಮೂರನೆಯ ಗುಂಪಿನಲ್ಲಿ ಗುಣಹೊಂದಿದವರೊಡನೆ ಮಡಿದವರೂ ಸೇರಿದ್ದಾರೆ, ಗಣಿತ ನಿಷ್ಠುರವಾದುದು. ಮೆಕೆಂಡ್ರಿಕ್ ಭಾರತದಲ್ಲಿ ಸೇವೆ ಸಲ್ಲಿಸಿದ್ದ ವೈದ್ಯ. ಕೆರ್ಮ್ಯಾಕ್ ಪ್ರಯೋಗಶಾಲೆಯ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದ ವಿಜ್ಞಾನಿ. ತಮ್ಮ ಲೆಕ್ಕವನ್ನು ಅವರು ಹೋಲಿಸಿ ನೋಡಿದ್ದು ಮುಂಬಯಿಯಲ್ಲಿ 1905-06ರಲ್ಲಿ ಪ್ಲೇಗಿಗೆ ತುತ್ತಾದವರ ಅಂಕಿಗಳೊಂದಿಗೆ. 1871ರಲ್ಲಿ ಮುಂಬಯಿ ಮದರಾಸುಗಳ ರೈಲುಹಾದಿಗಳು ಕೂಡಿದ್ದು ರಾಯಚೂರಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈಗ ದಿನಗಳ ಪ್ರಶ್ನೆಗೆ ಬರೋಣ. ಅಂದಿನ ಕೊರೋನಾ ಸೋಂಕು ದೇಹವನ್ನು ಹೊಕ್ಕ ಮೇಲೆ ಲಕ್ಷಣಗಳು ತೋರಲು ಸರಾಸರಿ ಐದು ದಿನ ಬೇಕಾಗುತ್ತಿತ್ತು. ಆದುದರಿಂದ ಐದೇ ದಿನ ಇರಿಸಿಕೊಂಡು ಕಳುಹಿಸಿದರೆ ಸುಮಾರು ಅರ್ಧದಷ್ಟು ರೋಗಿಗಳು ಕಣ್ತಪ್ಪಿ ಊರು ಸೇರುತ್ತಾರೆ. ಹದಿನಾಲ್ಕು ದಿನ ಕಾದರೆ, ಲಕ್ಷಣ ತೋರುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತೊಂಬತ್ತು ಮಂದಿ ಬೆಳಕಿಗೆ ಬರುತ್ತಾರೆ. ಲಕ್ಷಣವೇ ತೋರದವರನ್ನು ಪರೀಕ್ಷೆಯಿಂದಲೇ ಗುರುತಿಸಬೇಕು. ಕರ್ನಾಟಕ ಸರ್ಕಾರವು ಮೊದಲು ಹದಿನಾಲ್ಕು ದಿನಗಳ ನಿಯಮವನ್ನು ವಿಧಿಸಿ, ಆ ಮೇ ತಿಂಗಳಲ್ಲಿಯೇ ಅದನ್ನು ಏಳು ದಿನ ಕೇಂದ್ರದಲ್ಲಿ, ಏಳು ದಿನ ಮನೆಯಲ್ಲಿ ಎಂದು ಬದಲಿಸಿತು. ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಕ್ವಾರಂಟೈನ್ ಕೇಂದ್ರಗಳಾದವು.

ಆದರೆ ಗಣಿತವು ಮನುಷ್ಯನನ್ನು ಕೇವಲ ಒಂದು ಅಂಕಿಯಾಗಿ ಎಣಿಸುತ್ತದೆ. ಮುಂಗಾರು ಬಿತ್ತನೆ ಹತ್ತಿರವಾದಾಗ ಕಳೆಯುವ ಒಂದೊಂದು ದಿನಕ್ಕೂ ರೈತನ ಮನೆಯಲ್ಲಿ ಬೇರೆಯೇ ಬೆಲೆಯುಂಟು. ಮನೆಯೊಳಗೆ ಪ್ರತ್ಯೇಕ ಕೋಣೆಯಲ್ಲಿರಬೇಕೆಂಬ ನಿಯಮವನ್ನು ಒಂದೇ ಕೋಣೆಯ ಮನೆಯವರು ಹೇಗೆ ಪಾಲಿಸಬೇಕು? ಅಲ್ಲಿ ಏಳು ದಿನ ಮಲಗಿದವನ ಪಕ್ಕದಲ್ಲಿ ಮಕ್ಕಳೂ, ಮನೆ ಕಾಯಲು ಉಳಿದಿದ್ದ ಅಜ್ಜಿಯೂ ಮಲಗಿರುತ್ತಾರೆ. ಹೊರಗೆ ಸೋಂಕು ಹರಡುವುದು ತಗ್ಗಿದರೂ ಆ ಮನೆಯೊಳಗೆ ಒಬ್ಬನಿಂದ ನಾಲ್ವರಿಗೆ ರೋಗ ತಗುಲಬಹುದು. ಅಂತಹ ಮನೆಯವರಿಗೆ ಉಳಿದ ಏಳು ದಿನಗಳನ್ನೂ ಶಾಲೆಯ ಕೋಣೆಯಲ್ಲಿ, ಊಟದೊಡನೆ, ಒದಗಿಸುವುದೇ ಲೆಕ್ಕಕ್ಕೆ ಹೊಂದುವ ಕ್ರಮ.